ಒಂದು ಚೆಂಡು, ಎರಡು ದಾಂಡು

ಗಣಕಯಂತ್ರದ ಪರದೆಯ ಮೇಲೆ ತನ್ನದೇ ಆದ ಒಂದು ಆಟವನ್ನು ರಚಿಸಿ ನಾಲ್ವರಿಗೆ ತೋರಬೇಕೆಂಬ ಉತ್ಸಾಹವನ್ನು ತಾಳಿದ ತರುಣರು ಮೊದಲು ಕೇಳುವ ಪ್ರಶ್ನೆ ಬಹುಮಟ್ಟಿಗೆ ಉಪಕರಣವನ್ನು ಕುರಿತದ್ದು. ಪೈಥಾನ್ ಭಾಷೆಯನ್ನು ಕಲಿತು ಪೈಗೇಮ್ ಹಿಡಿಯುವುದು ಲೇಸೋ, ಗೊಡೋ ಲೇಸೋ, ಅಮೆರಿಕೆಯ ಎಂ.ಐ.ಟಿ.ಯವರು ಮಕ್ಕಳಿಗೆಂದು 2007ರಲ್ಲಿ ಹೊರತಂದ ಸ್ಕ್ರ್ಯಾಚ್ ಸಾಕೋ ಎಂಬುದು ಅವರ ಚಿಂತೆ. ಮೂರೂ ಕಾಸು ಕೇಳದೆ ದೊರೆಯತಕ್ಕವು; ಯಾವುದನ್ನು ಹಿಡಿದರೂ ನಷ್ಟವಿಲ್ಲ. ವಿವೇಕ ಬೇಕಾದದ್ದು ಮೊದಲ ಆಟ ಯಾವುದಾಗಬೇಕೆಂಬ ವಿಷಯದಲ್ಲಿ. ಅರಣ್ಯ, ದುರ್ಗ, ಸುರಂಗ, ಹನ್ನೆರಡು ಮಂದಿ ವೀರರು, ಅವರಲ್ಲಿ ಒಬ್ಬೊಬ್ಬರಿಗೂ ಒಂದೊಂದು ಪೂರ್ವಕಥೆ, ಇಷ್ಟನ್ನೂ ಪ್ರಥಮ ಪ್ರಯತ್ನದಲ್ಲಿಯೇ ಸಾಧಿಸಹೊರಟವರ ಕೆಲಸ ಪೂರ್ವಕಥೆಯಲ್ಲಿಯೇ ನಿಂತುಹೋಗುವುದುಂಟು. ಒಂದು ಚೆಂಡು, ಎರಡು ದಾಂಡು, ನಡುವೆ ಒಂದು ಗೆರೆ: ಆರಂಭದಲ್ಲಿ ಇದಕ್ಕಿಂತ ಹೆಚ್ಚಿನದನ್ನು ಬಯಸತಕ್ಕದ್ದಲ್ಲವೆಂದು ನನ್ನ ಅಭಿಪ್ರಾಯ.

ಈ ಅಭಿಪ್ರಾಯಕ್ಕೆ ಇತಿಹಾಸದ ಬೆಂಬಲವೂ ಇದೆ. 1972ರಲ್ಲಿ ಕ್ಯಾಲಿಫೋರ್ನಿಯದ ಅಟಾರಿ ಸಂಸ್ಥೆಯನ್ನು ಸೇರಿದ ಅಲನ್ ಆಲ್ಕಾರ್ನ್ ಎಂಬ ಎಂಜಿನಿಯರಿಗೆ ಇಂಥ ಆಟಗಳ ನಿರ್ಮಾಣದಲ್ಲಿ ಯಾವ ಅನುಭವವೂ ಇರಲಿಲ್ಲ. ಆತನ ಕೈ ಪಳಗಲೆಂದು ಸಂಸ್ಥಾಪಕರಲ್ಲೊಬ್ಬನಾದ ನೋಲನ್ ಬುಶ್ನೆಲ್ ಒಪ್ಪಿಸಿದ ಅಭ್ಯಾಸವೇ ಈ ಚೆಂಡುದಾಂಡಿನ ಆಟ. ಜನರಲ್ ಎಲೆಕ್ಟ್ರಿಕ್ ಕಂಪನಿಯವರು ಇದನ್ನು ಬೇಡಿದ್ದಾರೆಂದು ಬುಶ್ನೆಲ್ ಹೇಳಿದ್ದು ಶುದ್ಧ ಸುಳ್ಳು. ಕೇವಲ ಅಭ್ಯಾಸವೆಂದು ತಿಳಿದರೆ ಶ್ರದ್ಧೆ ಸಡಿಲವಾದೀತೆಂಬ ಭಯವಿದ್ದಿರಬೇಕು. ಹಾಗೆ ಹುಟ್ಟಿದ ಯಂತ್ರವು ಪಾಂಗ್ ಎಂಬ ಹೆಸರು ಪಡೆದು ಸನಿವೇಲ್ ಊರಿನ ಪಾನಗೃಹವೊಂದರಲ್ಲಿ ಸ್ಥಾಪಿತವಾಯಿತು. ಅದು ಕೆಟ್ಟುನಿಂತಿತೆಂದು ಕರೆ ಬಂದು ಆಲ್ಕಾರ್ನ್ ಹೋಗಿ ತೆರೆದು ನೋಡಿದರೆ, ನಾಣ್ಯಗಳು ಡಬ್ಬಿ ಮೀರಿ ತುಂಬಿದ್ದೇ ರೋಗದ ಮೂಲವಾಗಿತ್ತು. ಆ ಯಂತ್ರದೊಳಗೆ ಮೈಕ್ರೊಪ್ರೊಸೆಸರ್ ಇರಲಿಲ್ಲ, ಆದಕಾರಣ ಬರೆದ ಪ್ರೋಗ್ರಾಮೂ ಇರಲಿಲ್ಲ. ಸಕಲವನ್ನೂ ವಿದ್ಯುನ್ಮಂಡಲಗಳಿಂದಲೇ ಹೆಣೆದಿದ್ದರು. ಆದರೂ ಆಲ್ಕಾರ್ನನಿಗೆ ಎದುರಾದ ಸಮಸ್ಯೆಗಳಲ್ಲಿ ಅನೇಕವು ಇಂದು ಕೀಲಿಮಣೆಯ ಮುಂದೆ ಕುಳಿತ ಹುಡುಗನಿಗೋ ಹುಡುಗಿಗೋ ಎದುರಾಗತಕ್ಕವೇ.

ಶಾಲೆಯಲ್ಲಿ ಗ್ರಾಫ್ ಹಾಳೆಯ ಮೇಲೆ ಬಿಂದುಗಳನ್ನು ಗುರುತಿಸಿದವರಿಗೆ ಪರದೆಯ ಲೆಕ್ಕ ಅಪರಿಚಿತವಲ್ಲ. ಪೈಗೇಮ್, ಗೊಡೋಗಳಲ್ಲಿ ಮಾತ್ರ ಮೂಲಬಿಂದು ಎಡಬದಿಯ ಮೇಲ್ಮೂಲೆಯಲ್ಲಿದ್ದು, ಕೆಳಕ್ಕಿಳಿದಂತೆಲ್ಲ ವೈ ಬೆಲೆ ಏರುತ್ತದೆ. ಹಳೆಯ ಟೆಲಿವಿಷನ್ ಕೊಳವೆಯಲ್ಲಿ ಎಲೆಕ್ಟ್ರಾನ್ ಕಿರಣವು ಮೇಲಿನಿಂದ ಕೆಳಕ್ಕೆ ಗೆರೆಗೆರೆಯಾಗಿ ಸಾಗುತ್ತಿದ್ದುದರ ಸಂಸ್ಕಾರವಿದು. (ಸ್ಕ್ರ್ಯಾಚ್ ರಚಿಸಿದವರು ಮಕ್ಕಳ ಮೇಲಣ ಕರುಣೆಯಿಂದಲೋ ಏನೋ ಮೂಲಬಿಂದುವನ್ನು ನಟ್ಟನಡುವೆ ಇರಿಸಿದ್ದಾರೆ.) ಪ್ರೋಗ್ರಾಮಿನ ದೃಷ್ಟಿಯಲ್ಲಿ ಚೆಂಡೆಂದರೆ ನಾಲ್ಕೇ ಸಂಖ್ಯೆ: ಎರಡು ಅದರ ಸ್ಥಾನವನ್ನು ಹೇಳುತ್ತವೆ, ಎರಡು ಅದರ ವೇಗವನ್ನು. ಕೀಲಿ ಒತ್ತಿದೆಯೇ ಎಂದು ವಿಚಾರಿಸುವುದು, ಸಂಖ್ಯೆಗಳನ್ನು ತಿದ್ದುವುದು, ಹಳೆಯ ಚಿತ್ರವನ್ನು ಅಳಿಸಿ ಹೊಸದನ್ನು ಬರೆಯುವುದು, ಈ ಮೂರು ಕರ್ಮಗಳು ಸೆಕೆಂಡಿಗೆ 60 ಸಲ ಆವರ್ತಿಸಿದರೆ ನಮ್ಮ ಕಣ್ಣು ಅದನ್ನು ಚಲನೆಯೆಂದು ಒಪ್ಪಿಕೊಳ್ಳುತ್ತದೆ. ಸೆಕೆಂಡಿಗೆ 300 ಪಿಕ್ಸೆಲ್ ಓಡಬೇಕಾದ ಚೆಂಡು ಒಂದೊಂದು ಆವೃತ್ತಿಯಲ್ಲಿ 5 ಪಿಕ್ಸೆಲ್ ಸರಿಯುತ್ತದೆ. ಅದೇ ಪ್ರೋಗ್ರಾಮು ಇನ್ನೊಬ್ಬರ ಮನೆಯ ಯಂತ್ರದಲ್ಲಿ 120 ಸಲ ಆವರ್ತಿಸಿದರೆ ಚೆಂಡು ಇಮ್ಮಡಿ ವೇಗದಿಂದ ಹಾರಿಹೋದೀತು. ಆದುದರಿಂದ ಹಿಂದಿನ ಆವೃತ್ತಿಯಿಂದ ಕಳೆದ ಕಾಲವನ್ನಳೆದು ಅದರಿಂದ ವೇಗವನ್ನು ಗುಣಿಸುವ ಪದ್ಧತಿಯನ್ನು ಮೊದಲಿಗೇ ರೂಢಿಸಿಕೊಳ್ಳುವುದು ಉಚಿತ. ಇದಕ್ಕೆ ವಿಪರೀತವಾದ ನಿದರ್ಶನವೂ ಉಂಟು: 1978ರಲ್ಲಿ ಜಪಾನಿನ ತೊಮೊಹಿರೊ ನಿಶಿಕಾದೊ ರಚಿಸಿದ ಸ್ಪೇಸ್ ಇನ್ವೇಡರ್ಸ್ ಆಟದಲ್ಲಿ ಶತ್ರುಗಳು ಅಳಿದಂತೆಲ್ಲ ಪ್ರೊಸೆಸರಿನ ಹೊರೆ ತಗ್ಗಿ, ಉಳಿದವರು ತಾವಾಗಿಯೇ ವೇಗವಾಗಿ ಚಲಿಸತೊಡಗಿದರು, ಆತ ಅದನ್ನು ತಿದ್ದದೆ ಆಟದ ರಸವೆಂದು ಉಳಿಸಿಕೊಂಡ.

ದಾಂಡಿಗೆ ಚೆಂಡು ತಾಗಿದಾಗ ಅಡ್ಡವೇಗದ ಚಿಹ್ನೆಯನ್ನು ಧನವಿದ್ದರೆ ಋಣ, ಋಣವಿದ್ದರೆ ಧನ ಮಾಡಿದರಾಯಿತೆಂದು ಪುಸ್ತಕಗಳು ಹೇಳುತ್ತವೆ. ಹಾಗೆಯೇ ಬರೆದು ಓಡಿಸಿದಾಗ ಒಮ್ಮೊಮ್ಮೆ ಚೆಂಡು ದಾಂಡಿಗೆ ಅಂಟಿಕೊಂಡು ಥರಥರನೆ ನಡುಗುವುದು ಕಾಣುತ್ತದೆ. ಕಾರಣ ಸರಳ: ಚೆಂಡು ದಾಂಡಿನ ಒಳಹೊಕ್ಕಿದೆ, ಮುಂದಿನ ಆವೃತ್ತಿಯಲ್ಲೂ ಒಳಗೇ ಇದೆ, ಚಿಹ್ನೆ ಮತ್ತೆ ಮತ್ತೆ ತಿರುಗುತ್ತಿದೆ. ಚೆಂಡು ದಾಂಡಿನ ಕಡೆಗೆ ಬರುತ್ತಿರುವಾಗ ಮಾತ್ರ ಚಿಹ್ನೆಯನ್ನು ತಿರುಗಿಸಿದರೆ ರೋಗ ವಾಸಿ. ಇದಕ್ಕಿಂತ ವಿಚಿತ್ರವಾದದ್ದು ಇನ್ನೊಂದು: ವೇಗ ಹೆಚ್ಚಿ ಚೆಂಡು ಆವೃತ್ತಿಗೆ 30 ಪಿಕ್ಸೆಲ್ ಸರಿಯುವಂತಾದಾಗ 10 ಪಿಕ್ಸೆಲ್ ದಪ್ಪದ ದಾಂಡನ್ನು ಅದು ಮುಟ್ಟದೆಯೇ ದಾಟಬಲ್ಲುದು, ಏಕೆಂದರೆ ಈಚೆಗೂ ಆಚೆಗೂ ನಡುವೆ ಅದು ಎಲ್ಲಿಯೂ ಇರಲೇ ಇಲ್ಲ! ಒಂದು ದೊಡ್ಡ ಹೆಜ್ಜೆಯನ್ನು ಹಲವು ಸಣ್ಣ ಹೆಜ್ಜೆಗಳಾಗಿ ಸೀಳಿ ಪರೀಕ್ಷಿಸುವುದೊಂದು ಪರಿಹಾರ. ಈ ಬಗೆಯ ಪ್ರಮಾದಗಳನ್ನು ಸ್ವಂತ ಬುದ್ಧಿಯಿಂದ ಶೋಧಿಸಿದವನಿಗೆ ದೊರೆಯುವ ಶಿಕ್ಷಣವು ಪರರು ಬರೆದುದನ್ನು ಯಥಾವತ್ತಾಗಿ ನಕಲಿಸಿದವನಿಗೆ ದುರ್ಲಭ.

ಎಲ್ಲವೂ ನಿರ್ದುಷ್ಟವಾದ ಮೇಲೆ ಆಟವು ನೀರಸವಾಗಿದೆಯೆಂಬುದು ಗೋಚರವಾಗುತ್ತದೆ. ಆಲ್ಕಾರ್ನನಿಗೂ ಹಾಗೆಯೇ ತೋರಿರಬೇಕು. ದಾಂಡನ್ನು ಆತ 8 ಭಾಗ ಮಾಡಿ, ನಡುವೆ ಬಡಿದ ಚೆಂಡು ನೇರವಾಗಿಯೂ ಅಂಚಿಗೆ ಬಡಿದದ್ದು ಓರೆಯಾಗಿಯೂ ಹೊರಳುವಂತೆ ಮಾಡಿದ, ಹೊಡೆತಗಳು ಮುಂದುವರಿದಂತೆ ವೇಗವನ್ನೇರಿಸಿದ. ಮಂಡಲದ ಒಂದು ದೋಷದಿಂದಾಗಿ ದಾಂಡು ಪರದೆಯ ತುದಿಯವರೆಗೆ ಮುಟ್ಟುತ್ತಿರಲಿಲ್ಲ. ಅದನ್ನಾತ ಸರಿಪಡಿಸಲಿಲ್ಲ, ಸರಿಪಡಿಸಿದ್ದರೆ ನಿಪುಣರಿಬ್ಬರ ಆಟಕ್ಕೆ ಕೊನೆಯೇ ಇರುತ್ತಿರಲಿಲ್ಲ. ಪ್ರೇಕ್ಷಕರ ಜಯಘೋಷ ಕೇಳಿಸಬೇಕೆಂದು ಬುಶ್ನೆಲ್ ಬಯಸಿದಾಗ, ಮಂಡಲದಲ್ಲಿ ಆಗಲೇ ಇದ್ದ ಸ್ವರಗಳಲ್ಲಿ ಕೆಲವನ್ನು ಆಯ್ದು ಜೋಡಿಸಿ ಕೈ ತೊಳೆದುಕೊಂಡ.

ಪಾಂಗ್ ಆಡಲು ಇಬ್ಬರು ಮನುಷ್ಯರು ಬೇಕಿತ್ತು. ಒಂಟಿಯಾಗಿ ಕಲಿಯುವವರು ಯಂತ್ರವನ್ನೇ ಎದುರಾಳಿಯಾಗಿ ನಿಲ್ಲಿಸುತ್ತಾರೆ, ಅದು ಒಂದೇ ಸಾಲಿನ ಕೆಲಸ: ಚೆಂಡಿನ ವೈ ಬೆಲೆಯನ್ನು ದಾಂಡಿಗೆ ಕೊಟ್ಟರೆ ಸಾಕು. ಹಾಗೆ ಮಾಡಿದ ಎದುರಾಳಿ ಎಂದಿಗೂ ಸೋಲುವುದಿಲ್ಲ, ಅಂಥವನೊಡನೆ ಯಾರೂ ಎರಡನೆಯ ಸಲ ಆಡುವುದಿಲ್ಲ. ಅವನ ದಾಂಡಿನ ವೇಗಕ್ಕೆ ಮಿತಿ ಹಾಕಬೇಕು. ಚೆಂಡು ನಡುಗೆರೆಯನ್ನು ದಾಟಿದ ಮೇಲಷ್ಟೇ ಅವನು ಅತ್ತ ನೋಡುವಂತೆ ಮಾಡಬೇಕು. ಅವನ ಅಂದಾಜಿಗೆ ಹತ್ತಿಪ್ಪತ್ತು ಪಿಕ್ಸೆಲಿನ ತಪ್ಪನ್ನು ಬೆರೆಸಬೇಕು. ಎಷ್ಟೆಷ್ಟು ಎಂಬುದಕ್ಕೆ ಸೂತ್ರವಿಲ್ಲ. ತಮ್ಮನನ್ನೋ ಅಜ್ಜಿಯನ್ನೋ ಕರೆದು ಕೂರಿಸಿ, ಅವರು ಸೋತು ಮತ್ತೊಂದು ಆಟ ಕೇಳುತ್ತಾರೋ ಎದ್ದು ಹೋಗುತ್ತಾರೋ ನೋಡಿಕೊಂಡು ಆ ಸಂಖ್ಯೆಗಳನ್ನು ತಿದ್ದುತ್ತ ಹೋಗತಕ್ಕದ್ದು.