ಮೂತ್ರಪಿಂಡವಿಲ್ಲದೆ ಶ್ವಾಸಕೋಶ ಬೆಳೆಯದು

ತಾಯಿಯ ಗರ್ಭದಲ್ಲಿರುವಷ್ಟು ಕಾಲ ಮಗುವಿಗೆ ಉಸಿರಾಟದ ಹೊಣೆಯಾಗಲಿ ರಕ್ತವನ್ನು ಶುದ್ಧಗೊಳಿಸುವ ಹೊಣೆಯಾಗಲಿ ಇರುವುದಿಲ್ಲ. ಗರ್ಭಕೋಶದ ಗೋಡೆಗೆ ಅಂಟಿಕೊಂಡು ಹೊಕ್ಕುಳಬಳ್ಳಿಯ ಮೂಲಕ ಮಗುವನ್ನು ಪೋಷಿಸುವ ಮಾಸು ಈ ಎರಡೂ ಕೆಲಸಗಳನ್ನು ನಿರ್ವಹಿಸುತ್ತದೆ. ಆದ್ದರಿಂದಲೇ ಎರಡೂ ಮೂತ್ರಪಿಂಡಗಳು ರೂಪುಗೊಳ್ಳದ ಮಗುವಿನ ಹೃದಯವೂ ಗರ್ಭದಲ್ಲಿ ಲಯಬದ್ಧವಾಗಿ ಮಿಡಿಯುತ್ತಿರುತ್ತದೆ. ಹೊಕ್ಕುಳಬಳ್ಳಿಯನ್ನು ಕತ್ತರಿಸಿದ ಮೇಲೆ ಮಾತ್ರ ಕೊರತೆ ಪ್ರಕಟವಾಗುತ್ತದೆ, ಮತ್ತು ಅಂಥ ಬಹುಪಾಲು ಶಿಶುಗಳು ಕೆಲವೇ ಗಂಟೆಗಳಲ್ಲಿ ತೀರಿಕೊಳ್ಳುತ್ತವೆ. ಈ ಸಾವಿಗೆ ನೇರ ಕಾರಣ ಮೂತ್ರಪಿಂಡಗಳ ಅಭಾವವಲ್ಲ, ಅದರ ಫಲವಾಗಿ ಬೆಳೆಯದೆ ಉಳಿದ ಶ್ವಾಸಕೋಶಗಳು.

ಈ ಸ್ಥಿತಿಯನ್ನು ಷಿಕಾಗೋದ ರೋಗಶಾಸ್ತ್ರಜ್ಞೆ ಈಡಿತ್ ಪಾಟರ್ 1946ರಲ್ಲಿ ಇಪ್ಪತ್ತು ಶಿಶುಗಳ ಅಧ್ಯಯನದಿಂದ ವಿವರಿಸಿದರು. ತಗ್ಗಿನಲ್ಲಿರುವ ಕಿವಿಗಳು, ಚಪ್ಪಟೆಯಾದ ಮೂಗು, ಒಳಸರಿದ ಗಲ್ಲ, ಕಣ್ಣಿನ ಕೆಳಗಿನ ಮಡಿಕೆಗಳು ಆ ಶಿಶುಗಳಲ್ಲಿ ಸಮಾನವಾಗಿ ಕಂಡುಬಂದಿದ್ದವು. ಒಂದು ದೋಷದಿಂದ ಮತ್ತೊಂದು ಹುಟ್ಟುತ್ತ ಹೋಗುವುದರಿಂದ ವೈದ್ಯರು ಇದನ್ನು ಪಾಟರ್ ಸರಣಿ ಎಂದು ಕರೆಯುತ್ತಾರೆ. ಎರಡೂ ಮೂತ್ರಪಿಂಡಗಳಿಲ್ಲದಿರುವ ದೋಷವು ಸುಮಾರು 3,000ದಿಂದ 5,000 ಜನನಗಳಲ್ಲಿ ಒಂದರಲ್ಲಿ ಕಂಡುಬರುತ್ತದೆ. ಗಂಡುಮಕ್ಕಳಲ್ಲಿ ಅದರ ಪ್ರಮಾಣ ಹೆಚ್ಚು.

ಮೂತ್ರಪಿಂಡ ಮತ್ತು ಶ್ವಾಸಕೋಶಗಳನ್ನು ಬೆಸೆಯುವುದು ಮಗುವಿನ ಸುತ್ತಲಿರುವ ಗರ್ಭಜಲ. ಸುಮಾರು ಹದಿನಾರನೆಯ ವಾರದ ನಂತರ ಈ ನೀರಿನ ಬಹುಭಾಗ ಮಗುವಿನ ಮೂತ್ರವೇ ಆಗಿರುತ್ತದೆ. ಮಗು ಅದನ್ನು ನುಂಗುತ್ತ, ಮತ್ತೆ ವಿಸರ್ಜಿಸುತ್ತ ಇರುತ್ತದೆ. ಶ್ವಾಸಕೋಶದ ಕವಲುಗಳು ಹರಡಿ ಗಾಳಿಕೋಶಗಳಿಗೆ ತಳಹದಿ ಸಿದ್ಧವಾಗುವುದೂ ಹದಿನಾರರಿಂದ ಇಪ್ಪತ್ತಾರನೆಯ ವಾರದವರೆಗಿನ ಇದೇ ಅವಧಿಯಲ್ಲಿ. ಶ್ವಾಸಕೋಶ ತನ್ನೊಳಗೆ ಸ್ರವಿಸುವ ದ್ರವವನ್ನು ಹಿಡಿದಿಟ್ಟುಕೊಂಡು ಹಿಗ್ಗಿದರೆ ಮಾತ್ರ ಅದು ಬೆಳೆಯುತ್ತದೆ. ಸುತ್ತಲಿನ ನೀರು ಬತ್ತಿದಾಗ ಎದೆಗೂಡು ಗರ್ಭಕೋಶದ ಗೋಡೆಗಳ ನಡುವೆ ಒತ್ತಲ್ಪಟ್ಟು, ಒಳಗಿನ ದ್ರವ ಹೊರಗೆ ಸೋರಿ, ಬೆಳವಣಿಗೆ ನಿಲ್ಲುತ್ತದೆ. ಮುಖದ ರೂಪಭೇದಗಳು ಮತ್ತು ಕಾಲುಗಳ ಸೊಟ್ಟತನವೂ ಇದೇ ಒತ್ತಡದ ಪರಿಣಾಮಗಳು. ಒಂದೇ ನೀರಿನ ಚೀಲದಲ್ಲಿ ಬೆಳೆದ ಕೆಲವು ಅವಳಿಗಳ ಪ್ರಕರಣಗಳು ಇದಕ್ಕೆ ಬಲವಾದ ಸಾಕ್ಷ್ಯ ಒದಗಿಸಿವೆ: ಮೂತ್ರಪಿಂಡವಿಲ್ಲದ ಮಗುವಿಗೆ ಆರೋಗ್ಯವಂತ ಒಡಹುಟ್ಟಿನ ಮೂತ್ರದಿಂದ ನೀರು ದೊರೆತಾಗ ಅದರ ಶ್ವಾಸಕೋಶಗಳು ಸಹಜವಾಗಿ ಬೆಳೆದಿದ್ದವು.

ಮೂತ್ರಪಿಂಡಗಳು ಇದ್ದೂ ಮೂತ್ರ ಹೊರಬಾರದಿದ್ದರೆ ಪರಿಣಾಮ ಇದೇ. ಗಂಡುಮಗುವಿನ ಮೂತ್ರನಾಳದಲ್ಲಿ ಪೊರೆಯೊಂದು ಅಡ್ಡಗಟ್ಟಬಹುದು. ಅಥವಾ ವಂಶವಾಹಿ ದೋಷದಿಂದ ಎರಡೂ ಮೂತ್ರಪಿಂಡಗಳು ಸಣ್ಣ ನೀರ್ಗುಳ್ಳೆಗಳಿಂದ ತುಂಬಿ ಹಿಗ್ಗಿಹೋಗಬಹುದು. ಬಸುರಿಯ ರಕ್ತದೊತ್ತಡಕ್ಕೆ ಎನಲಾಪ್ರಿಲ್, ಲೊಸಾರ್ಟಾನ್ ಮುಂತಾದ ಮಾತ್ರೆಗಳನ್ನು ಎರಡನೆಯ ತ್ರೈಮಾಸಿಕದಲ್ಲಿಯೂ ಅದರ ನಂತರವೂ ಮುಂದುವರಿಸಿದರೆ ಮಗುವಿನ ಮೂತ್ರ ಕುಂದಿ ನೀರು ಕಡಿಮೆಯಾಗಬಹುದು. ಹೀಗಾಗಿ ಗರ್ಭ ಧರಿಸಲು ಬಯಸುವವರು ಮೊದಲೇ ವೈದ್ಯರನ್ನು ಕಂಡು ಅವುಗಳನ್ನು ಬದಲಿಸಿಕೊಳ್ಳುವುದು ಅವಶ್ಯಕ.

ಹದಿನೆಂಟರಿಂದ ಇಪ್ಪತ್ತನೆಯ ವಾರದ ಅನಾಮಲಿ ಸ್ಕ್ಯಾನ್, ಅಂದರೆ ಮಗುವಿನ ಅಂಗರಚನೆಯನ್ನು ಕೂಲಂಕಷವಾಗಿ ನೋಡುವ ಅಲ್ಟ್ರಾಸೌಂಡ್ ಪರೀಕ್ಷೆ, ಈ ದೋಷಗಳನ್ನು ಸಾಮಾನ್ಯವಾಗಿ ಬಯಲುಗೊಳಿಸುತ್ತದೆ. ಗಂಭೀರ ಭ್ರೂಣದೋಷವಿರುವುದನ್ನು ವೈದ್ಯಕೀಯ ಮಂಡಳಿ ದೃಢಪಡಿಸಿದರೆ ಇಪ್ಪತ್ನಾಲ್ಕು ವಾರಗಳ ನಂತರವೂ ಗರ್ಭ ಮುಗಿಸಲು ಭಾರತದ 2021ರ ತಿದ್ದುಪಡಿ ಕಾನೂನು ಅವಕಾಶ ನೀಡುತ್ತದೆ. ಗರ್ಭವನ್ನು ಮುಂದುವರಿಸಲು ಬಯಸುವ ತಾಯಿಗೂ, ಮಗು ಹುಟ್ಟಿದಾಗ ನೋವಿಲ್ಲದಂತೆ ಅದನ್ನು ಮಡಿಲಲ್ಲಿಟ್ಟು ನೋಡಿಕೊಳ್ಳುವ ಉಪಶಮನ ಆರೈಕೆ ದೊರೆಯಬೇಕು.

ಗರ್ಭಕೋಶಕ್ಕೆ ಸೂಜಿಯ ಮೂಲಕ ಮತ್ತೆ ಮತ್ತೆ ಲವಣದ್ರವ ತುಂಬಿಸಿ ಶ್ವಾಸಕೋಶವನ್ನು ಬೆಳೆಸುವ ಪ್ರಯತ್ನ ಅಮೆರಿಕದಲ್ಲಿ ನಡೆದಿದೆ. 2023ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಜೀವಂತವಾಗಿ ಜನಿಸಿದ 17 ಶಿಶುಗಳ ಪೈಕಿ 14 ಶಿಶುಗಳು ಹದಿನಾಲ್ಕು ದಿನ ದಾಟಿ ಡಯಾಲಿಸಿಸ್ ಹಂತ ತಲುಪಿದವು. ಆದರೆ ಆಸ್ಪತ್ರೆಯಿಂದ ಮನೆಗೆ ಹೋದವು ಆರು ಮಾತ್ರ. ನೀರು ತುಂಬಿ ಶ್ವಾಸಕೋಶವನ್ನು ಉಳಿಸಬಹುದೆಂದು ಇದು ತೋರಿಸಿತು, ಆದರೆ ಅವಧಿಗೆ ಮುನ್ನ ಹುಟ್ಟುವ ಪುಟ್ಟ ದೇಹವನ್ನು ಡಯಾಲಿಸಿಸ್‌ನಲ್ಲಿ ತಿಂಗಳುಗಟ್ಟಲೆ ಕಾಪಾಡುವುದು ಇನ್ನೂ ಬಿಡಿಸಲಾಗದ ಕಗ್ಗಂಟಾಗಿಯೇ ಉಳಿದಿದೆ.

ಇಂಥ ಸಾವಿನ ನಂತರ ಕುಟುಂಬಗಳಲ್ಲಿ ಮೊದಲು ಕೇಳಿಬರುವುದು ತಾಯಿಯ ಮೇಲಿನ ಆಪಾದನೆ. ಗ್ರಹಣದ ಹೊತ್ತಿನಲ್ಲಿ ಹೊರಬಂದದ್ದು, ತಿಂದದ್ದು, ದುಡಿದದ್ದು, ಯಾವುದೂ ಮೂತ್ರಪಿಂಡವನ್ನು ಇಲ್ಲವಾಗಿಸುವುದಿಲ್ಲ. ಅದು ರೂಪುಗೊಳ್ಳಬೇಕಾದ ಮೊಗ್ಗು ಐದನೆಯ ವಾರದ ಸುಮಾರಿಗೆ, ಎಷ್ಟೋ ಹೆಂಗಸರಿಗೆ ತಾವು ಬಸುರಿಯೆಂದು ತಿಳಿಯುವ ಹೊತ್ತಿನಲ್ಲೇ, ದಾರಿ ತಪ್ಪಿರುತ್ತದೆ. ನೀರ್ಗುಳ್ಳೆಗಳ ರೋಗದಲ್ಲಂತೂ ದೋಷವುಳ್ಳ ವಂಶವಾಹಿಯ ಒಂದು ಪ್ರತಿ ತಾಯಿಯಿಂದ, ಮತ್ತೊಂದು ತಂದೆಯಿಂದ ಬರುತ್ತದೆ, ಮತ್ತು ಪ್ರತಿ ಬಸುರಿನಲ್ಲಿಯೂ ಅದು ಮರುಕಳಿಸುವ ಸಾಧ್ಯತೆ ನಾಲ್ಕರಲ್ಲಿ ಒಂದು. ಸೋದರಮಾವ ಅಥವಾ ಸೋದರ ಸಂಬಂಧಿಯೊಡನೆ ಮದುವೆ ರೂಢಿಯಲ್ಲಿರುವ ಕರ್ನಾಟಕದಲ್ಲಿ ದಂಪತಿಗಳಿಬ್ಬರೂ ಒಂದೇ ದೋಷವನ್ನು ಹೊತ್ತಿರುವ ಸಂಭವ ಹೆಚ್ಚಾದ್ದರಿಂದ, ಮಗುವಿನ ಶವಪರೀಕ್ಷೆ, ವಂಶವಾಹಿ ಪರೀಕ್ಷೆ ಮತ್ತು ತಂದೆತಾಯಿಗಳ ಮೂತ್ರಪಿಂಡಗಳ ಸ್ಕ್ಯಾನ್ ಮಾಡಿಸಿ ಮುಂದಿನ ಬಸುರಿಗೆ ಮಾರ್ಗದರ್ಶನ ಪಡೆಯುವುದು, ದೂಷಿಸಿ ಒಬ್ಬಳನ್ನು ಒಂಟಿಯಾಗಿಸುವುದಕ್ಕಿಂತ ಕುಟುಂಬವು ಮಾಡಬಹುದಾದ ನಿಜವಾದ ಉಪಕಾರ.