ಗೋಡೆಗೆ ಮರದ ಬಣ್ಣ: ಅಳತೆ ಅರಿತು ಮಾರಿದರೆ ಲಾಭ

ಶ್ರೀರಂಗಪಟ್ಟಣದ ದರಿಯಾ ದೌಲತ್ ಅರಮನೆಯನ್ನು ಟಿಪ್ಪು ಸುಲ್ತಾನ್ 1784ರಲ್ಲಿ ಬಹುಪಾಲು ತೇಗದ ಮರದಿಂದ ಕಟ್ಟಿಸಿದನು. ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲ ತಾಲ್ಲೂಕುಗಳ ಹಳೆಯ ತೊಟ್ಟಿಮನೆಗಳಲ್ಲಿಯೂ ಕಂಬ, ತೊಲೆ, ಬಾಗಿಲುವಾಡಗಳು ಮರದವೇ. ಗೋಡೆಗೆ ಸುಣ್ಣ, ಅದರ ಬುಡಕ್ಕೆ ಕೆಮ್ಮಣ್ಣಿನ ಪಟ್ಟಿ. ಹೀಗಾಗಿ ಈ ಭಾಗದ ಜನರ ಕಣ್ಣಿಗೆ ಮರದ ಗಾಢ ಕಂದು ಹೊಸದೇನಲ್ಲ.

ಇಂದು ತೇಗ, ಬೀಟೆ ಮರಗಳು ಸಾಮಾನ್ಯ ಗೃಹಸ್ಥರ ಕೈಗೆ ಎಟುಕುವಂತಿಲ್ಲ. ಕಂಬವು ಕಾಂಕ್ರೀಟಿನದಾಗಿ, ಕಿಟಕಿಯು ಕಬ್ಬಿಣದ್ದಾಗಿ ಬದಲಾಗಿವೆ. ಮರವು ಕೊಡುತ್ತಿದ್ದ ಬೆಚ್ಚನೆಯ ಕಳೆಯನ್ನು ಈಗ ಬಣ್ಣದ ಡಬ್ಬದಿಂದಲೇ ಪಡೆಯಬೇಕಾಗಿದೆ. ವರ್ತಕರಿಗೆ ಇದು ಒಳ್ಳೆಯ ಅವಕಾಶವೇ ಸರಿ. ಆದರೆ ಗ್ರಾಹಕರು ಕೇಳಿದ ಛಾಯೆಗೆ ಯಂತ್ರದಲ್ಲಿ ಕಲಸಿಕೊಟ್ಟ ಡಬ್ಬವು ಹಿಂದಿರುಗಿ ಬಂದರೆ, ಅದನ್ನು ಮತ್ತೊಬ್ಬರಿಗೆ ಮಾರುವುದು ಕಷ್ಟ. ಕೋಣೆ ಕತ್ತಲಾಯಿತೆಂಬ ಒಂದು ದೂರು ಇಡೀ ವ್ಯವಹಾರದ ಲಾಭವನ್ನು ನುಂಗಬಲ್ಲದು.

ಎಷ್ಟು, ಎಲ್ಲಿ?

ಇದಕ್ಕೆ ಪರಿಹಾರ ಹಳೆಯ ಮನೆಗಳಲ್ಲಿಯೇ ಇದೆ. ಅಲ್ಲಿ ಗಾಢ ಬಣ್ಣದ ಪಾಲು ಕಡಿಮೆ. ಸುತ್ತಲಿನ ಸುಣ್ಣದ ಬಿಳುಪು ಹೆಚ್ಚು. ತೊಟ್ಟಿಯಿಂದ ಬೆಳಕು ಧಾರಾಳ. ಅದೇ ಕ್ರಮದಲ್ಲಿ ನಡುಮನೆಯ ಒಂದು ಗೋಡೆಗೆ ಮಾತ್ರ ತೇಗದ ಛಾಯೆ ಬಳಿದು, ಉಳಿದ ಮೂರಕ್ಕೆ ಕೆನೆ ಬಣ್ಣ, ಸೂರಿಗೆ ಬಿಳಿ ಇಟ್ಟರೆ ಕೋಣೆ ಕುಗ್ಗಿದಂತೆ ತೋರದು. ಕಿಟಕಿಯ ಬೆಳಕು ನೇರವಾಗಿ ಬೀಳುವ ಗೋಡೆ ಇದಕ್ಕೆ ಸೂಕ್ತ. ಮೊದಲು ಎರಡು ಅಡಿ ಚೌಕದಲ್ಲಿ ಬಳಿದು, ಹಗಲಿನಲ್ಲಿಯೂ ದೀಪದ ಬೆಳಕಿನಲ್ಲಿಯೂ ನೋಡುವಂತೆ ಗ್ರಾಹಕರಿಗೆ ತಿಳಿಸುವುದು ಕ್ಷೇಮ.

ಲೆಕ್ಕವೂ ಸರಳ. ಲೀಟರಿಗೆ ಒಂದು ಕೋಟ್‌ನಲ್ಲಿ 120 ಚದರ ಅಡಿ ಎಂದು ಹಿಡಿದರೆ, 12 ಅಡಿ ಉದ್ದ, 10 ಅಡಿ ಎತ್ತರದ ಗೋಡೆಗೆ ಎರಡು ಕೋಟ್‌ಗೆ 2 ಲೀಟರ್ ಸಾಕು. ಮೂರನೆಯ ಕೋಟ್ ಬೇಕಾದರೆ ಮತ್ತೊಂದು ಲೀಟರ್. ಇಡೀ ಗೋಡೆಗೆ ಬೇಕಾದ ಬಣ್ಣವನ್ನು ಒಮ್ಮೆಗೇ ಕಲಸಿ, ಛಾಯೆಯ ಸಂಖ್ಯೆಯನ್ನು ಬಿಲ್ಲಿನ ಮೇಲೆ ಬರೆದುಕೊಟ್ಟರೆ ಮುಂದೆ ತೇಪೆ ಹಾಕುವಾಗ ತಕರಾರು ಬಾರದು.

ಗೋಡೆಯ ಗುಣ

ನಾಲೆಯ ನೀರಾವರಿಯುಳ್ಳ ಶ್ರೀರಂಗಪಟ್ಟಣ, ಪಾಂಡವಪುರ ಭಾಗದ ತಗ್ಗಿನ ಮನೆಗಳಲ್ಲಿ ಗೋಡೆಯ ಬುಡಕ್ಕೆ ಶೀತವೇರುವುದುಂಟು. ತೇವದೊಡನೆ ಹೊರಬರುವ ಬಿಳಿಯ ಉಪ್ಪು ತಿಳಿ ಬಣ್ಣದಲ್ಲಿ ಮರೆಯಾದರೂ ಕಂದು ಬಣ್ಣದಲ್ಲಿ ಎದ್ದು ಕಾಣುತ್ತದೆ. ಶೀತದ ಮೂಲವನ್ನು ಸರಿಪಡಿಸದೆ ಬಳಿದರೆ ಬಣ್ಣ ಸುಲಿಯುತ್ತದೆ. ಹೊಸ ಗಾರೆ ಪೂರ್ಣವಾಗಿ ಒಣಗಲು ಕನಿಷ್ಠ 28 ದಿನ ಬಿಡಬೇಕು. ಮಳೆಯಾಶ್ರಿತ ಹಳ್ಳಿಗಳು ಹೆಚ್ಚಾಗಿರುವ ನಾಗಮಂಗಲದ ಕಡೆ ಸಮಸ್ಯೆ ಬೇರೆ. ಪಶ್ಚಿಮದ ಹೊರಗೋಡೆಗೆ ಗಾಢ ಬಣ್ಣ ಬಳಿದರೆ ಅದು ಬಿಸಿಲನ್ನು ಹೀರಿ ಮನೆಯನ್ನು ಕಾಯಿಸುತ್ತದೆ. ಅಲ್ಲಿ ಈ ಬಣ್ಣ ಒಳಗೋಡೆಗೇ ಲೇಸು.

ಕಂದು ಛಾಯೆಗಳ ಮೂಲದ್ರವ್ಯ ಹೆಚ್ಚಾಗಿ ಕಬ್ಬಿಣದ ಆಕ್ಸೈಡ್. ಕೆಮ್ಮಣ್ಣಿಗೆ ಕೆಂಪು ಕೊಡುವುದೂ ಅದೇ. ಬಿಸಿಲಿಗೆ ಸುಲಭವಾಗಿ ಮಾಸದಿರುವುದು ಇದರ ಗುಣ. ಆದರೆ ಗಾಢ ಛಾಯೆಗೆ ಬಳಸುವ ಮೂಲ ಬಣ್ಣದಲ್ಲಿ ಬಿಳಿಯ ಟೈಟಾನಿಯಂ ಡೈಆಕ್ಸೈಡ್ ಕಡಿಮೆಯಿರುವುದರಿಂದ, ಬಿಳಿ ಪ್ರೈಮರ್ ಮೇಲೆ ಎರಡು ಕೋಟ್ ಸಾಲದೆ ಹೋಗಬಹುದು. ಪ್ರೈಮರ್‌ಗೇ ತುಸು ಕಂದು ಬೆರೆಸಿದರೆ ಒಂದು ಕೋಟ್ ಉಳಿಯುತ್ತದೆ.

ಕಬ್ಬಿಣದ ಬಾಗಿಲು, ಕಿಟಕಿ ತಯಾರಿಸುವ ಸಣ್ಣ ಕೈಗಾರಿಕೆಗಳಿಗೂ ಮರದ ಬಣ್ಣದ ಎನಾಮಲ್ ಉಪಯುಕ್ತ. ಮೊದಲು ತುಕ್ಕು ತೆಗೆದು ಲೋಹದ ಪ್ರೈಮರ್ ಬಳಿಯುವುದು ಅವಶ್ಯ. 2017ರ ನವೆಂಬರ್ 1ರಿಂದ ಜಾರಿಯಲ್ಲಿರುವ ನಿಯಮದಂತೆ ಗೃಹೋಪಯೋಗಿ ಬಣ್ಣದಲ್ಲಿ ಸೀಸವು ಹತ್ತು ಲಕ್ಷಕ್ಕೆ 90 ಭಾಗವನ್ನು ಮೀರುವಂತಿಲ್ಲ. ಡಬ್ಬದ ಮೇಲಿನ ಈ ವಿವರವನ್ನು ಓದಿಯೇ ಕೊಳ್ಳಬೇಕು. 2018ರ ಜುಲೈನಲ್ಲಿ ಬಣ್ಣಗಳ ಮೇಲಿನ ಜಿ.ಎಸ್.ಟಿ. ಶೇ. 28ರಿಂದ ಶೇ. 18ಕ್ಕೆ ಇಳಿದಿದೆ, ದರಪಟ್ಟಿ ಕೊಡುವಾಗ ತೆರಿಗೆಯನ್ನು ಪ್ರತ್ಯೇಕವಾಗಿ ನಮೂದಿಸಿದರೆ ಗೊಂದಲವಿರದು.

ಸಣ್ಣ ಊರಿನ ವ್ಯಾಪಾರ ನಿಂತಿರುವುದು ನಂಬಿಕೆಯ ಮೇಲೆ. ನಾಲ್ಕು ಗೋಡೆಗೆ ಬಣ್ಣ ಕೇಳಿ ಬಂದವರಿಗೆ ಒಂದೇ ಗೋಡೆಗೆ ಸಾಕೆಂದು ಹೇಳುವ ಅಂಗಡಿಗೆ ಅಂದಿನ ಬಿಲ್ಲು ಚಿಕ್ಕದಾದೀತು. ಆದರೆ ಬಾಗಿಲು, ಕಿಟಕಿ, ನೆರೆಮನೆಯ ಗೃಹಪ್ರವೇಶಗಳ ಬೇಡಿಕೆಯೂ ಮುಂದೆ ಅದೇ ಅಂಗಡಿಗೆ ಬರುತ್ತದೆ.