ರಾಗಿ ಒಳ್ಳೆಯದೇ, ಆದರೆ ಮುದ್ದೆ ಎಷ್ಟು ದೊಡ್ಡದು?

*ಹೃದಯದ ಮಾತು: ಹೊರನಾಡ ಕನ್ನಡ ಕುಟುಂಬಗಳಿಗೆ*



ಕಳೆದ ಕಂತು ಓದಿದವರಲ್ಲಿ ಹೆಚ್ಚಿನವರು ಕೇಳಿದ ಪ್ರಶ್ನೆ ಒಂದೇ: "ಡಾಕ್ಟ್ರೇ, ಅನ್ನ ಬಿಟ್ಟು ರಾಗಿ, ಚಪಾತಿಗೆ ಬಂದು ಆರು ತಿಂಗಳಾಯ್ತು. ಶುಗರ್ ಮಾತ್ರ ಇದ್ದಲ್ಲೇ ಇದೆ. ಯಾಕೆ?" ಎರಡನೆಯ ಪ್ರಶ್ನೆ: "ಒಂದು ದಿನ ಕೊಬ್ಬರಿ ಎಣ್ಣೆ ಅಮೃತ ಅಂತ ಮೆಸೇಜ್ ಬರುತ್ತೆ, ಮರುದಿನ ವಿಷ ಅಂತ ಬರುತ್ತೆ. ಯಾವುದನ್ನು ನಂಬೋದು?"

ಈ ಎರಡಕ್ಕೂ ಉತ್ತರ ಹುಡುಕಲು ಅಮೆರಿಕಕ್ಕೆ ಹೋಗಬೇಕಾಗಿಲ್ಲ. ನಾನಿರುವ ಚೆನ್ನೈನಲ್ಲೇ, ನಮ್ಮಂಥವರ ಊಟದ ಮೇಲೆ, ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲದಿಂದ ಸಂಶೋಧನೆ ನಡೆದಿದೆ. ಇವತ್ತು ಅದನ್ನೇ ನೋಡೋಣ. ಸ್ವಲ್ಪ ಉದ್ದವಿದೆ, ಬಿಡುವಾಗಿ ಓದಿ.

*ಹೃದಯದ ಡಾಕ್ಟರಿಗೆ ಊಟದ ಚಿಂತೆ ಯಾಕೆ?*

2004ರಲ್ಲಿ 'ಇಂಟರ್‌ಹಾರ್ಟ್' ಎಂಬ ದೊಡ್ಡ ಅಧ್ಯಯನ ಪ್ರಕಟವಾಯಿತು. 52 ದೇಶಗಳಲ್ಲಿ ನಡೆದದ್ದು. ಬೆಂಗಳೂರಿನ ಸೇಂಟ್ ಜಾನ್ಸ್ ಸಂಸ್ಥೆಯ ವೈದ್ಯರೂ ಇದರಲ್ಲಿ ಪಾಲ್ಗೊಂಡಿದ್ದರು. ಮೊದಲ ಹಾರ್ಟ್ ಅಟ್ಯಾಕ್‌ನ ಅಪಾಯದಲ್ಲಿ ಸುಮಾರು 90% ಪಾಲಿಗೆ ಕೇವಲ ಒಂಬತ್ತು ಅಂಶಗಳು ಕಾರಣ ಎಂದು ಅದು ತೋರಿಸಿತು. ಏರುಪೇರಾದ ಕೊಲೆಸ್ಟ್ರಾಲ್, ಧೂಮಪಾನ, ಬಿಪಿ, ಸಕ್ಕರೆ ಕಾಯಿಲೆ, ಹೊಟ್ಟೆಯ ಬೊಜ್ಜು, ಮಾನಸಿಕ ಒತ್ತಡ, ಹಣ್ಣು-ತರಕಾರಿ ಕಡಿಮೆ ತಿನ್ನುವುದು, ವ್ಯಾಯಾಮ ಇಲ್ಲದಿರುವುದು, ಮದ್ಯಪಾನದ ಅಭ್ಯಾಸ. ಇವುಗಳಲ್ಲಿ ಐದು ಅಂಶಗಳಿಗೆ ನಮ್ಮ ಅಡುಗೆಮನೆಯೊಡನೆ ನೇರ ನಂಟಿದೆ.

ನಮಗೆ ಮುಖ್ಯವಾದ ಸಂಗತಿ ಇನ್ನೊಂದಿದೆ. ದಕ್ಷಿಣ ಏಷ್ಯಾದವರಿಗೆ ಮೊದಲ ಹಾರ್ಟ್ ಅಟ್ಯಾಕ್ ಆದ ಸರಾಸರಿ ವಯಸ್ಸು 53, ಉಳಿದ ದೇಶದವರಿಗೆ ಸುಮಾರು 59. ಅಂದರೆ ಆರು ವರ್ಷ ಮೊದಲೇ. ಮನೆಯ ಸಾಲ ಇನ್ನೂ ತೀರಿರುವುದಿಲ್ಲ, ಮಕ್ಕಳ ಓದು ಮುಗಿದಿರುವುದಿಲ್ಲ. ಊರು ಬಿಟ್ಟು ಬಂದ ಕುಟುಂಬದಲ್ಲಿ ದುಡಿಯುವವರು ಆ ವಯಸ್ಸಿಗೆ ಮಲಗಿದರೆ ಏನಾಗುತ್ತದೆ ಎಂದು ನಾನು ಬಿಡಿಸಿ ಹೇಳಬೇಕಿಲ್ಲ.

*ಚೆನ್ನೈ ಏನು ಕಲಿಸಿತು?*

ಇಲ್ಲಿನ ಮದ್ರಾಸ್ ಡಯಾಬಿಟಿಸ್ ರಿಸರ್ಚ್ ಫೌಂಡೇಶನ್‌ನ ಡಾ. ವಿ. ಮೋಹನ್ ಮತ್ತು ಅವರ ತಂಡ 2001ರಲ್ಲಿ 'ಕ್ಯೂರ್ಸ್' ಎಂಬ ಅಧ್ಯಯನ ಶುರುಮಾಡಿತು. ನಗರದ 26,001 ವಯಸ್ಕರನ್ನು ಪರೀಕ್ಷಿಸಿದರು. 1989ರಲ್ಲಿ ಚೆನ್ನೈನ ನೂರು ವಯಸ್ಕರಲ್ಲಿ 8.3 ಮಂದಿಗೆ ಇದ್ದ ಸಕ್ಕರೆ ಕಾಯಿಲೆ, ಈ ಅಧ್ಯಯನದ ಹೊತ್ತಿಗೆ 14.3ಕ್ಕೆ ಏರಿತ್ತು. ಇಷ್ಟು ಕಡಿಮೆ ಅವಧಿಯಲ್ಲಿ ಜನರ ವಂಶವಾಹಿ ಬದಲಾಗುವುದಿಲ್ಲ. ಬದಲಾದದ್ದು ಬದುಕುವ ರೀತಿ.

ಏನು ತಿನ್ನುತ್ತಾರೆ ಎಂದೂ ವಿವರವಾಗಿ ಕೇಳಿದರು. ದಿನದ ಕ್ಯಾಲೊರಿಯಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಪಾಲಿಶ್ ಮಾಡಿದ ಧಾನ್ಯದಿಂದಲೇ ಬರುತ್ತಿತ್ತು. ಮುಖ್ಯವಾಗಿ ಬಿಳಿ ಅಕ್ಕಿ. ಅದನ್ನು ಹೆಚ್ಚು ತಿನ್ನುವವರಲ್ಲಿ ಹೊಟ್ಟೆಯ ಸುತ್ತಳತೆ, ಬಿಪಿ, ಟ್ರೈಗ್ಲಿಸರೈಡ್, ಶುಗರ್ ಹೆಚ್ಚಿದ್ದು, ಒಳ್ಳೆಯ ಕೊಲೆಸ್ಟ್ರಾಲ್ ಆದ ಎಚ್‌ಡಿಎಲ್ ಕಡಿಮೆಯಿತ್ತು.

ಆದರೆ ಇಲ್ಲೊಂದು ಎಚ್ಚರಿಕೆ. ಒಂದೇ ಸಲ ನೋಡಿ ಲೆಕ್ಕ ಹಾಕಿದಾಗ ಬೀಜ ಮೊದಲೋ ಮರ ಮೊದಲೋ ಎಂಬುದು ಗೊತ್ತಾಗುವುದಿಲ್ಲ. ಅದಕ್ಕೆ ಜನರನ್ನು ವರ್ಷಗಟ್ಟಲೆ ಹಿಂಬಾಲಿಸಬೇಕು. 'ಪ್ಯೂರ್' ಅಧ್ಯಯನ ಅದನ್ನೇ ಮಾಡಿತು. 21 ದೇಶಗಳ 1,32,373 ಜನರನ್ನು ಸರಾಸರಿ ಒಂಬತ್ತೂವರೆ ವರ್ಷ ಗಮನಿಸಿ, 2020ರಲ್ಲಿ ಅನ್ನದ ಬಗ್ಗೆ ವರದಿ ಕೊಟ್ಟಿತು. ದಿನಕ್ಕೆ 450 ಗ್ರಾಂ ಅಥವಾ ಅದಕ್ಕಿಂತ ಹೆಚ್ಚು ಅನ್ನ ತಿನ್ನುವವರಿಗೆ, 150 ಗ್ರಾಂಗಿಂತ ಕಡಿಮೆ ತಿನ್ನುವವರಿಗಿಂತ ಸಕ್ಕರೆ ಕಾಯಿಲೆಯ ಅಪಾಯ 20% ಹೆಚ್ಚು. ದಕ್ಷಿಣ ಏಷ್ಯಾದಲ್ಲಿ ಮಾತ್ರ ನೋಡಿದರೆ ಅದು 61% ಹೆಚ್ಚು.

450 ಗ್ರಾಂ ಎಂದರೆ ಎಷ್ಟು? ಬೇಯಿಸಿದ ಅನ್ನ ಸುಮಾರು ಮೂರು ಬಟ್ಟಲು. ಸಾರಿಗೊಂದು ಸಲ, ಹುಳಿಗೊಂದು ಸಲ, ಕೊನೆಗೆ ಮೊಸರಿಗೊಂದು ಸಲ. ಮಧ್ಯಾಹ್ನದ ಒಂದೇ ಊಟಕ್ಕೆ ಲೆಕ್ಕ ಮುಗಿಯಿತು! ಬೆಳಗಿನ ಇಡ್ಲಿ, ರಾತ್ರಿಯ ದೋಸೆ ಇನ್ನೂ ಬಾಕಿ.

"20% ಹೆಚ್ಚು" ಎಂದರೆ ನೂರರಲ್ಲಿ ಇಪ್ಪತ್ತು ಜನಕ್ಕೆ ಕಾಯಿಲೆ ಬರುತ್ತದೆ ಎಂದಲ್ಲ. ನೂರರಲ್ಲಿ ಹತ್ತು ಜನಕ್ಕೆ ಬರುವ ಕಡೆ ಹನ್ನೆರಡು ಜನಕ್ಕೆ ಬರುತ್ತದೆ ಎಂದರ್ಥ. ಇದನ್ನು ನೆನಪಿಡಿ, ಮುಂದೆ ಎಷ್ಟೋ ಮೆಸೇಜ್‌ಗಳಲ್ಲಿ ಉಪಯೋಗಕ್ಕೆ ಬರುತ್ತದೆ.

*ಹಾಗಾದರೆ ರಾಗಿ?*

ಈಗ ಮೊದಲ ಪ್ರಶ್ನೆಗೆ ಬರೋಣ. ಐಸಿಎಂಆರ್-ಇಂಡಿಯಾಬ್ ಎಂಬುದು ದೇಶದ ಎಲ್ಲ ರಾಜ್ಯಗಳಲ್ಲಿ ನಡೆದ ಸಮೀಕ್ಷೆ. ಅದರ ನೇತೃತ್ವವೂ ಚೆನ್ನೈನದೇ. ಭಾರತದಲ್ಲಿ 10.1 ಕೋಟಿ ಜನರಿಗೆ ಸಕ್ಕರೆ ಕಾಯಿಲೆ, ಇನ್ನೂ 13.6 ಕೋಟಿ ಜನ ಅದರ ಹೊಸ್ತಿಲಲ್ಲಿ ಎಂದು 2023ರಲ್ಲಿ ಅಂದಾಜು ಮಾಡಿದ್ದು ಇದೇ ಸಮೀಕ್ಷೆ.

2025ರಲ್ಲಿ ಇದೇ ತಂಡ 'ನೇಚರ್ ಮೆಡಿಸಿನ್' ಪತ್ರಿಕೆಯಲ್ಲಿ ಊಟದ ಲೆಕ್ಕ ಪ್ರಕಟಿಸಿತು. ಭಾರತೀಯರ ಕ್ಯಾಲೊರಿಯಲ್ಲಿ 62% ಬರುವುದು ಕಾರ್ಬೋಹೈಡ್ರೇಟ್‌ನಿಂದ, ಪ್ರೋಟೀನ್‌ನಿಂದ ಕೇವಲ 12%. ನಮ್ಮಂಥ ಕನ್ನಡಿಗರು ಗಮನವಿಟ್ಟು ಓದಬೇಕಾದ ಮಾತು ಮುಂದಿನದು: ಬಿಳಿ ಅಕ್ಕಿಯ ಬದಲು ಅಷ್ಟೇ ಪ್ರಮಾಣದ ಗೋಧಿ ಹಿಟ್ಟು ಅಥವಾ ಸಿರಿಧಾನ್ಯದ ಹಿಟ್ಟು ತಿಂದರೆ ಅಪಾಯ ಇಳಿದಂತೆ ಕಾಣಲಿಲ್ಲ. ಒಟ್ಟು ಕಾರ್ಬೋಹೈಡ್ರೇಟ್ ಇಳಿದು, ಆ ಜಾಗಕ್ಕೆ ಬೇಳೆ-ಕಾಳು, ಹಾಲು-ಮೊಸರು, ಮೊಟ್ಟೆ ಅಥವಾ ಮೀನಿನ ಪ್ರೋಟೀನ್ ಬಂದಾಗ ಮಾತ್ರ ಅಪಾಯ ಕಡಿಮೆ ಕಂಡಿತು.

ರಾಗಿಯನ್ನು ದೂರುತ್ತಿಲ್ಲ. ಅದರಲ್ಲಿ ಕ್ಯಾಲ್ಸಿಯಂ ಇದೆ, ನಾರಿದೆ. ಆದರೆ ನುಣ್ಣಗೆ ಬೀಸಿದ ಹಿಟ್ಟು ಬೇಗ ಜೀರ್ಣವಾಗಿ ರಕ್ತಕ್ಕೆ ಸಕ್ಕರೆ ಬಿಡುತ್ತದೆ. ಹೊಲದಲ್ಲಿ ದಿನವಿಡೀ ದುಡಿಯುತ್ತಿದ್ದ ಅಜ್ಜನಿಗೆ ಆ ಮುದ್ದೆ ಸರಿಯಿತ್ತು. ನಾವು ಹೊಲ ಬಿಟ್ಟೆವು, ಕುರ್ಚಿ ಹಿಡಿದೆವು, ಮುದ್ದೆಯ ಗಾತ್ರ ಮಾತ್ರ ಹಾಗೇ ಉಳಿಯಿತು. ಅಜ್ಜನ ತಟ್ಟೆಯಲ್ಲಿ ಮುದ್ದೆಯ ಪಕ್ಕ ಇರುತ್ತಿದ್ದ ಹುರುಳಿ ಸಾರು, ಅವರೆಕಾಳು, ಸೊಪ್ಪಿನ ಬಸ್ಸಾರು ನಮ್ಮ ತಟ್ಟೆಯಿಂದ ಜಾರಿಹೋದವು. ನಿಜವಾದ ನಷ್ಟ ಅದು.

ಕಾಳಿನ ಬಲ ತೋರಿಸುವ ಪುಟ್ಟ ಪ್ರಯೋಗವೊಂದು ಚೆನ್ನೈನಲ್ಲೇ ನಡೆಯಿತು. 15 ಮಂದಿ ತೂಕ ಹೆಚ್ಚಿದವರಿಗೆ ಐದೈದು ದಿನ ಬಿಳಿ ಅಕ್ಕಿ, ಪಾಲಿಶ್ ಮಾಡದ ಅಕ್ಕಿ, ಪಾಲಿಶ್ ಮಾಡದ ಅಕ್ಕಿಯ ಜೊತೆ ಕಾಳು ಕೊಟ್ಟು ನೋಡಿದರು. ಬಿಳಿ ಅಕ್ಕಿಗೆ ಹೋಲಿಸಿದರೆ ಶುಗರ್ ಏರಿಕೆ ಎರಡನೆಯದರಲ್ಲಿ ಸುಮಾರು 20%, ಮೂರನೆಯದರಲ್ಲಿ ಸುಮಾರು 23% ಕಡಿಮೆ. ಸಣ್ಣ ಪ್ರಯೋಗ, ಕೆಲವೇ ದಿನದ್ದು. ಆದರೆ ದೊಡ್ಡ ಅಧ್ಯಯನಗಳು ತೋರಿಸಿದ ದಾರಿಯನ್ನೇ ಇದೂ ತೋರಿಸುತ್ತದೆ.

*ಬದಲಾಯಿಸಿದರೆ ನಿಜವಾಗಿ ಲಾಭವಿದೆಯೇ?*

ಇದೆ, ಅದಕ್ಕೂ ಸಾಕ್ಷಿ ಚೆನ್ನೈನದೇ. ಡಾ. ಎ. ರಾಮಚಂದ್ರನ್ ಅವರ ತಂಡ ಸಕ್ಕರೆ ಕಾಯಿಲೆಯ ಹೊಸ್ತಿಲಲ್ಲಿದ್ದ 531 ಜನರನ್ನು ಗುಂಪುಗಳಾಗಿ ವಿಂಗಡಿಸಿ, 2006ರಲ್ಲಿ ಫಲಿತಾಂಶ ಪ್ರಕಟಿಸಿತು. ಸಾಮಾನ್ಯ ಸಲಹೆ ಪಡೆದವರಲ್ಲಿ ಮೂರು ವರ್ಷದೊಳಗೆ 55% ಜನರಿಗೆ ಕಾಯಿಲೆ ಬಂತು. ಊಟ ಮತ್ತು ನಡಿಗೆ ಬದಲಾಯಿಸಿಕೊಂಡವರಲ್ಲಿ 39.3%. ಆ ಮೇಲೆ ನಡೆದ 'ಡಿ-ಕ್ಲಿಪ್' ಪ್ರಯೋಗದಲ್ಲಿ ಚೆನ್ನೈನ 578 ಜನರಿದ್ದರು. ಅಲ್ಲಿ ಮೂರು ವರ್ಷದಲ್ಲಿ ಅಪಾಯ 32% ಇಳಿಯಿತು. ಅಲ್ಲಿ ಬೇಕಾದವರಿಗೆ ಮಾತ್ರ ಮಾತ್ರೆ ಸೇರಿಸಿದ್ದರು, ಉಳಿದದ್ದೆಲ್ಲ ಊಟ ಮತ್ತು ವ್ಯಾಯಾಮ.

ಇವು ಪ್ರಯೋಗಗಳು. ಒಂದು ಗುಂಪಿಗೆ ಬದಲಾವಣೆ, ಇನ್ನೊಂದಕ್ಕೆ ಇಲ್ಲ. ಆದ್ದರಿಂದ ಬರೀ ಗಮನಿಸುವ ಅಧ್ಯಯನಕ್ಕಿಂತ ಇವುಗಳ ಮಾತಿಗೆ ತೂಕ ಹೆಚ್ಚು.

*ಊರಿಂದ ಬರುವ ಡಬ್ಬಿ*

ಉಪ್ಪಿನಕಾಯಿ, ಹಪ್ಪಳ, ಸಂಡಿಗೆ, ಬಾಳಕದ ಮೆಣಸಿನಕಾಯಿ, ಚಟ್ನಿಪುಡಿ. ಅಮ್ಮ ಕಳಿಸಿದ ಡಬ್ಬಿ ಎಂದರೆ ಬರೀ ತಿಂಡಿಯಲ್ಲ, ಊರೇ ಬಂದ ಹಾಗೆ. ಅದನ್ನು ಬಿಡಿ ಎನ್ನಲು ನನಗೂ ಮನಸ್ಸಿಲ್ಲ. ಆದರೆ ಅದರಲ್ಲಿರುವ ಉಪ್ಪಿನ ಲೆಕ್ಕ ತಿಳಿದಿರಲಿ. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಿತಿ ದಿನಕ್ಕೆ 5 ಗ್ರಾಂ, ಅಂದರೆ ಒಂದು ಚಮಚಕ್ಕಿಂತ ಕಡಿಮೆ. ಚೆನ್ನೈನ ಅಧ್ಯಯನದಲ್ಲಿ ಕಂಡ ಸರಾಸರಿ 8.5 ಗ್ರಾಂ. ಉಪ್ಪಿನಕಾಯಿ ಹಬ್ಬಕ್ಕೆ, ಭಾನುವಾರಕ್ಕೆ ಇರಲಿ. ದಿನಾ ಮೂರು ಹೊತ್ತು ಬೇಡ. ಮಜ್ಜಿಗೆಗೆ ಉಪ್ಪಿನ ಬದಲು ಜೀರಿಗೆ, ಶುಂಠಿ, ಕರಿಬೇವು ಹಾಕಿ ನೋಡಿ.

ಕರಾವಳಿಯವರಿಗೆ ಒಂದು ಮಾತು. 2020ರಲ್ಲಿ 16 ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದಾಗ, ಸೂರ್ಯಕಾಂತಿಯಂಥ ಎಣ್ಣೆಗಳಿಗೆ ಹೋಲಿಸಿದರೆ ಕೊಬ್ಬರಿ ಎಣ್ಣೆ ಕೆಟ್ಟ ಕೊಲೆಸ್ಟ್ರಾಲ್ ಆದ ಎಲ್‌ಡಿಎಲ್ ಅನ್ನು ಸುಮಾರು 10 ಮಿ.ಗ್ರಾಂ ಹೆಚ್ಚಿಸಿತು. ಅಮೃತವೂ ಅಲ್ಲ, ವಿಷವೂ ಅಲ್ಲ. ಒಗ್ಗರಣೆಗೆ ಒಂದು ಚಮಚ, ಪಲ್ಯದ ಮೇಲೆ ಸ್ವಲ್ಪ ಕಾಯಿತುರಿ ಇರಲಿ. ದಿನಾ ಕರಿಯಲು, ಹುರಿಯಲು ಅದೊಂದೇ ಎಣ್ಣೆ ಬೇಡ. ಹಾರ್ಟ್ ಅಟ್ಯಾಕ್ ಆದವರು, ಸ್ಟೆಂಟ್ ಹಾಕಿಸಿಕೊಂಡವರು ಇನ್ನೂ ಹಿಡಿತದಲ್ಲಿರಿ.

*ಮೆಸೇಜ್ ನಂಬುವ ಮುಂಚೆ ಮೂರು ಪ್ರಶ್ನೆ*

1. ಯಾರ ಮೇಲೆ, ಎಷ್ಟು ಜನರ ಮೇಲೆ, ಎಷ್ಟು ಕಾಲ ನೋಡಿದ್ದು? ಇಲಿಯ ಮೇಲೆ ನಡೆದದ್ದು ಮನುಷ್ಯರಿಗೆ ಹಾಗೇ ಅನ್ವಯಿಸುವುದಿಲ್ಲ.

2. ಯಾವುದಕ್ಕೆ ಹೋಲಿಸಿ? ಬೆಣ್ಣೆಗೆ ಹೋಲಿಸಿದರೆ ಒಳ್ಳೆಯದಾದದ್ದು ಶೇಂಗಾ ಎಣ್ಣೆಗೆ ಹೋಲಿಸಿದರೆ ಒಳ್ಳೆಯದಾಗಬೇಕೆಂದಿಲ್ಲ. ಅನ್ನ ಬಿಟ್ಟು ಕಾಳು ತಿಂದರೆ ಒಂದು ಫಲ, ಅನ್ನ ಬಿಟ್ಟು ಬಿಸ್ಕತ್ತು ತಿಂದರೆ ಇನ್ನೊಂದು ಫಲ.

3. ಅಳೆದದ್ದು ಏನು? ಎರಡು ಗಂಟೆಯ ಶುಗರೋ, ಹತ್ತು ವರ್ಷದ ಕಾಯಿಲೆಯೋ?

ಈ ಮೂರಕ್ಕೂ ಉತ್ತರವಿಲ್ಲದ ಮೆಸೇಜನ್ನು ಅಲ್ಲಿಗೇ ನಿಲ್ಲಿಸಿ. ನಾನು ಬರೆದದ್ದಕ್ಕೂ ಇದೇ ಪ್ರಶ್ನೆ ಹಾಕಿ.

*ಈ ವಾರದಿಂದಲೇ*

▪ ಅನ್ನ ಅಥವಾ ಮುದ್ದೆ ತಟ್ಟೆಯ ಕಾಲು ಭಾಗ. ಅರ್ಧ ಭಾಗ ಪಲ್ಯ, ಸೊಪ್ಪು, ಕೋಸಂಬರಿ. ಉಳಿದ ಕಾಲು ಭಾಗ ಗಟ್ಟಿ ಬೇಳೆ, ಕಾಳು, ಮೊಸರು. ತಿನ್ನುವವರು ಮೊಟ್ಟೆ, ಮೀನು.

▪ ಮೊದಲು ಪಲ್ಯ, ಕೋಸಂಬರಿ ತಿನ್ನಿ, ಆಮೇಲೆ ಅನ್ನಕ್ಕೆ ಕೈಹಾಕಿ. ಎರಡನೇ ಸಲ ಬಡಿಸಿಕೊಳ್ಳುವುದಾದರೆ ಹುಳಿಯಲ್ಲಿರುವ ಹೋಳನ್ನು ಬಡಿಸಿಕೊಳ್ಳಿ.

▪ ಸಂಜೆ ಬಜ್ಜಿಯ ಬದಲು ಕಡಲೆಕಾಳು, ಹೆಸರುಕಾಳಿನ ಉಸ್ಲಿ. ಇಲ್ಲಿ ಮರೀನಾದಲ್ಲಿ ಮಾರುವ ಸುಂಡಲ್ ಅದೇ ತಾನೇ!

▪ ರಾಗಿ ಹಿಟ್ಟನ್ನು ತೀರಾ ನುಣ್ಣಗೆ ಬೀಸಿಸಬೇಡಿ. ಗಂಜಿಗಿಂತ ಮುದ್ದೆ ಮೇಲು, ಅದೂ ಚಿಕ್ಕದು, ಕಾಳಿನ ಸಾರಿನ ಜೊತೆ.

▪ ಊಟವಾದ ಮೇಲೆ ಹತ್ತು-ಹದಿನೈದು ನಿಮಿಷ ನಡೆಯಿರಿ. ಬಿಸಿಲಿದ್ದರೆ ಮನೆಯೊಳಗೇ ಆದರೂ ಸರಿ.

*ದಯವಿಟ್ಟು ಗಮನಿಸಿ:* ಇನ್ಸುಲಿನ್ ಅಥವಾ ಶುಗರ್ ಮಾತ್ರೆ ತೆಗೆದುಕೊಳ್ಳುವವರು ಏಕಾಏಕಿ ಅನ್ನ ಕಡಿಮೆ ಮಾಡಿದರೆ ಶುಗರ್ ತೀರಾ ಇಳಿದು ತಲೆಸುತ್ತು, ಬೆವರು, ಎಚ್ಚರ ತಪ್ಪುವುದು ಆಗಬಹುದು. ಮೊದಲು ನಿಮ್ಮ ವೈದ್ಯರನ್ನು ಕೇಳಿ ಔಷಧಿಯ ಪ್ರಮಾಣ ಸರಿಮಾಡಿಸಿಕೊಳ್ಳಿ. ಕಿಡ್ನಿ ತೊಂದರೆ ಇರುವವರು ಪ್ರೋಟೀನ್ ಹೆಚ್ಚಿಸುವ ಮುನ್ನ, 'ಲೋ ಸೋಡಿಯಂ' ಉಪ್ಪು ಬಳಸುವ ಮುನ್ನ ಕೇಳಲೇಬೇಕು. ಆ ಉಪ್ಪಿನಲ್ಲಿ ಪೊಟ್ಯಾಶಿಯಂ ಇರುತ್ತದೆ. ಕೆಲವು ಬಿಪಿ ಮಾತ್ರೆಗಳ ಜೊತೆಗೂ ಅದು ಅಪಾಯ. ಊಟ ಸರಿಯಾಯಿತೆಂದು ಹೃದಯದ ಮಾತ್ರೆಗಳನ್ನು ನೀವಾಗಿಯೇ ನಿಲ್ಲಿಸಬೇಡಿ.

ಮಕ್ಕಳು ನೋಡುತ್ತಿರುತ್ತಾರೆ. ಹೊರನಾಡಿನಲ್ಲಿ ಅವರಿಗೆ ಕನ್ನಡ ಕಲಿಸಲು ನೀವು ಎಷ್ಟು ಕಷ್ಟಪಡುತ್ತೀರಿ ಎಂದು ಗೊತ್ತು. ಹುರುಳಿ ಸಾರು, ಬಸ್ಸಾರು, ಕೋಸಂಬರಿಯ ರುಚಿಯನ್ನೂ ಅದರ ಜೊತೆಗೇ ಕಲಿಸಿ.

ಈ ಮೆಸೇಜನ್ನು ಕತ್ತರಿಸದೆ, ಎಚ್ಚರಿಕೆಯ ಮಾತನ್ನೂ ಸೇರಿಸಿ, ಪೂರ್ತಿಯಾಗಿ ನಿಮ್ಮ ಮನೆಯ ಗುಂಪಿಗೆ ಕಳಿಸಿ. ಮುಂದಿನ ಕಂತು: ಕೊಲೆಸ್ಟ್ರಾಲ್ ರಿಪೋರ್ಟ್ ಓದುವುದು ಹೇಗೆ.

ಆರೋಗ್ಯವಾಗಿರಿ.
– ನಿಮ್ಮ ಹೃದ್ರೋಗ ತಜ್ಞ, ಎಂ.ಡಿ., ಚೆನ್ನೈ